ಕೆಂಪು ಬಂಡೆಯ ಬುಡದಲ್ಲಿ

2004ರ ಜುಲೈ. ಅಡಿಲೇಡಿನಲ್ಲಿ ಓದುತ್ತಿದ್ದ ನಾನು ಸೆಮಿಸ್ಟರ್ ರಜೆಯಲ್ಲಿ ಹತ್ತು ಜನ ಸಹಪಾಠಿಗಳ ಜೊತೆ ಮಿನಿಬಸ್ಸಿನಲ್ಲಿ ಉಲುರುವಿಗೆ ಹೊರಟೆ. ರಸ್ತೆಯಲ್ಲಿ ಸುಮಾರು 1600 ಕಿಲೋಮೀಟರ್. ಚಿತ್ರದುರ್ಗದ ಕಡೆಯ ಹಳ್ಳಿಯಲ್ಲಿ ಶೇಂಗಾ ಬೆಳೆಯುತ್ತಿದ್ದ ಅಪ್ಪ ಹೊಲದ ಮೇಲೆ ಸಾಲ ಎತ್ತಿ ನನ್ನನ್ನು ಕಳಿಸಿದ್ದ. ಆ ದುಡ್ಡನ್ನು ತಿರುಗಾಟಕ್ಕೆ ಮುಟ್ಟಬಾರದೆಂದು ಮೂರು ವಾರ ರಾತ್ರಿ ಹೊತ್ತು ಆಫೀಸುಗಳ ನೆಲ ಒರೆಸಿದ್ದೆ. ಖರ್ಚನ್ನೆಲ್ಲ ಪುಟ್ಟ ಪುಸ್ತಕದಲ್ಲಿ ಬರೆದು, ರೂಪಾಯಿಗೆ ಗುಣಿಸಿ, ನಿಟ್ಟುಸಿರು ಬಿಡುವುದು ಅಭ್ಯಾಸ. ಸಿ.ಎ. ಮಾಡಿದವರಿಗೆ ಈ ಚಟ ಬಿಡದು.

ಪೋರ್ಟ್ ಅಗಸ್ಟಾ ದಾಟಿದರೆ ಸ್ಟುವರ್ಟ್ ಹೆದ್ದಾರಿ. ಗ್ಲೆಂಡಾಂಬೊದಿಂದ ಕೂಬರ್ ಪೀಡಿಯವರೆಗೆ ಸುಮಾರು 250 ಕಿಲೋಮೀಟರ್ ಒಂದು ಪೆಟ್ರೋಲ್ ಬಂಕೂ ಇಲ್ಲ. ಎದುರಿಗೆ ಬರುವುದು 50 ಮೀಟರ್ ಉದ್ದದ ರೋಡ್ ಟ್ರೈನು ಲಾರಿಗಳು. ಪಕ್ಕದಲ್ಲಿ ಹಾದರೆ ಬಸ್ಸೇ ಅಲ್ಲಾಡುತ್ತಿತ್ತು. ಓಪಲ್ ಅಗೆಯುವ ಕೂಬರ್ ಪೀಡಿಯಲ್ಲಿ ಬೇಸಿಗೆಯ ಉರಿ ತಾಳದೆ ಜನ ನೆಲದೊಳಗೇ ಮನೆ ಮಾಡಿಕೊಂಡಿದ್ದಾರೆ. ಅಲ್ಲಿಂದಾಚೆ ಮಣ್ಣು ಕೆಂಪಾಗುತ್ತಾ ಹೋಯಿತು. ನಮ್ಮ ಹೊಲದ ಮಣ್ಣಿನ ಬಣ್ಣವೇ! ಆದರೆ ಬದುವಿಲ್ಲ, ಬೇಲಿಯ ಸುಳಿವಿಲ್ಲ, ಮನುಷ್ಯರ ದನಿಯಿಲ್ಲ.

ರಾತ್ರಿ ಡೇರೆ ಇಲ್ಲ, ಸ್ವ್ಯಾಗ್. ಕ್ಯಾನ್ವಾಸಿನ ಚೀಲ, ಅದರೊಳಗೇ ಹಾಸಿಗೆ. ಮರುಭೂಮಿ ಎಂದರೆ ಸೆಖೆ ಎಂದುಕೊಂಡು ತೆಳ್ಳನೆಯ ಸ್ವೆಟರ್ ತಂದಿದ್ದ ನಾನು ಚಳಿಗೆ ಹಲ್ಲು ಕಡಿಯುತ್ತಾ ಬೆಂಕಿಯ ಹತ್ತಿರಕ್ಕೆ ಹಾಸಿಗೆ ಎಳೆದುಕೊಂಡೆ. ಡ್ರೈವರ್ ಆಕಾಶ ತೋರಿಸಿದ. ಇಲ್ಲಿನ ಮೂಲನಿವಾಸಿಗಳು ಹಾಲುಹಾದಿಯಲ್ಲಿ ಎಮು ಹಕ್ಕಿಯನ್ನು ಕಾಣುತ್ತಾರಂತೆ. ಚುಕ್ಕಿಗಳನ್ನು ಸೇರಿಸಿ ಅಲ್ಲ, ಚುಕ್ಕಿಗಳ ನಡುವಿನ ಕತ್ತಲಲ್ಲಿ. ಬಹಳ ಹೊತ್ತು ನನಗೆ ಏನೂ ಕಾಣಲಿಲ್ಲ. ಆಮೇಲೆ ಕಂಡದ್ದು ಕಣ್ಣಿನಿಂದ ಹೋಗಲೇ ಇಲ್ಲ.

ಉಲುರುವಿನ ಎತ್ತರ 348 ಮೀಟರ್. 1985ರಲ್ಲಿ ಸರ್ಕಾರ ಆ ನೆಲವನ್ನು ಅನಂಗು ಜನರಿಗೆ ಹಿಂದಿರುಗಿಸಿ, ರಾಷ್ಟ್ರೀಯ ಉದ್ಯಾನಕ್ಕಾಗಿ 99 ವರ್ಷದ ಗುತ್ತಿಗೆಗೆ ಪುನಃ ಪಡೆದಿತ್ತು. ಹತ್ತುವ ದಾರಿಯ ಬುಡದಲ್ಲಿ ಬೋರ್ಡು: ಇದು ನಮಗೆ ಪವಿತ್ರ, ದಯವಿಟ್ಟು ಹತ್ತಬೇಡಿ. ಪಕ್ಕದಲ್ಲಿ ಹತ್ತಲು ಹೋಗಿ ಸತ್ತವರ ನೆನಪಿನ ಫಲಕಗಳು. ಮೇಲಕ್ಕೆ ಕಬ್ಬಿಣದ ಸರಪಳಿ. ಕೊರಿಯಾದ ಹುಡುಗಿಯೊಬ್ಬಳು ಬೋರ್ಡನ್ನು ಪೂರ್ತಿ ಓದಿ, ಏನೂ ಮಾತಾಡದೆ ಬಸ್ಸಿನ ಹತ್ತಿರಕ್ಕೆ ವಾಪಸಾದಳು. ನಾನೂ ಓದಿದೆ. ಅಷ್ಟು ದುಡ್ಡು ಸುರಿದು ಹತ್ತದೆ ಹೋದರೆ ನಷ್ಟ ಎಂದು ನನ್ನೊಳಗಿನ ಲೆಕ್ಕಿಗ ಹೇಳಿದ. ಹತ್ತಿದೆ. ಮೇಲೆ ಗಾಳಿ ಜೋರಾಗಿತ್ತು. ಪಡುವಣಕ್ಕೆ ಕಟ ಜುಟದ ಗುಂಡು ಗುಡ್ಡಗಳು. ಫೋಟೋ ತೆಗೆಸಿಕೊಂಡು, ಹೆದರುತ್ತಾ, ಕುಂಡೆ ಊರಿ ಇಳಿದೆ.

ಅಡಿಲೇಡಿಗೆ ಬಂದು ಹತ್ತು ಡಾಲರಿನ ಕಾಲಿಂಗ್ ಕಾರ್ಡು ಉಜ್ಜಿ ಊರಿಗೆ ಫೋನು ಮಾಡಿದೆ. ಅಪ್ಪನಿಗೆ ಖುಷಿಯಾಗಲೆಂದು ಬಂಡೆಯ ಕತೆ ಹೇಳಿದೆ.

"ಅದು ಅಲ್ಲಿನೋರ ದೇವರ ಗುಡ್ಡನಾ?" ಅಂದ.

"ಹೂಂ ಅಪ್ಪ."

"ಹತ್ತಬ್ಯಾಡ ಅಂದಿದ್ರಾ?"

"ಬೋರ್ಡು ಹಾಕಿದ್ರು."

ಸ್ವಲ್ಪ ಹೊತ್ತು ಲೈನಿನಲ್ಲಿ ಬರೀ ಗೊರಗೊರ ಸದ್ದು.

"ಮೆಟ್ಟು ಹಾಕ್ಕಂಡೇ ಹತ್ತಿದ್ಯಾ?"

ನಮ್ಮೂರ ಗುಡ್ಡದ ಬುಡದಲ್ಲಿ, ಬಿಸಿಲಿಗೆ ಕಾದ ಕಲ್ಲಿನ ಮೇಲೂ, ಅಪ್ಪ ಮೆಟ್ಟು ಕಳಚದೆ ಒಂದು ಹೆಜ್ಜೆ ಇಟ್ಟವನಲ್ಲ. ನಾನು ಸಾಲದ ಕಂತಿನ ಮಾತು ತೆಗೆದೆ. ಅವನೂ ಮತ್ತೆ ಆ ವಿಷಯ ಎತ್ತಲಿಲ್ಲ, ತೀರಿಕೊಳ್ಳುವವರೆಗೂ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿತ್ತೋ ಇಲ್ಲವೋ.

2019ರ ಅಕ್ಟೋಬರ್ 26ರಂದು ಹತ್ತುವುದನ್ನು ಶಾಶ್ವತವಾಗಿ ನಿಲ್ಲಿಸಿದರು. ನೆಲ ಹಿಂದಿರುಗಿಸಿದ ದಿನವೂ ಅದೇ. ಅದಕ್ಕೆ ಮುಂಚಿನ ವಾರಗಳಲ್ಲಿ ಕೊನೆಯ ಅವಕಾಶವೆಂದು ಜನ ಸಾಲುಗಟ್ಟಿದ್ದನ್ನು ಮೆಲ್ಬರ್ನಿನ ಮನೆಯ ಟಿವಿಯಲ್ಲಿ ನೋಡಿದೆ. ಬೈಯಲು ನನಗೆ ಬಾಯಿರಲಿಲ್ಲ.

ಹೋದ ವರ್ಷ ಮಗಳನ್ನು ಕರೆದುಕೊಂಡು ಹೋಗಿದ್ದೆ. ಬಂಡೆಯ ಸುತ್ತ ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದೆವು. ಸರಪಳಿ ಕಿತ್ತಿದ್ದಾರೆ. ಆದರೆ ಕೆಂಪು ಬಂಡೆಯ ಮೇಲೆ ಬುಡದಿಂದ ಮೇಲಕ್ಕೆ ಒಂದು ಬಿಳಿಚಿದ ಗೆರೆ ಇನ್ನೂ ಇದೆ.

"ಅದೇನಪ್ಪ, ನೀರು ಹರಿದಿದ್ದಾ?" ಎಂದು ಕೇಳಿದಳು.

"ಅಲ್ಲ ಪುಟ್ಟಿ. ಬೂಟುಗಳು ಸವೆಸಿದ್ದು," ಎಂದೆ. "ನಂದೂ ಇದೆ ಅದರಲ್ಲಿ."