ಮಹಾಬಲೇಶ್ವರದ ಹಣ್ಣು, ನಮ್ಮ ಹಿತ್ತಲಿನ ಗಿಡ

ಪುಣೆ–ಸಾತಾರಾ ಹೆದ್ದಾರಿಯನ್ನು ಬಿಟ್ಟು ವಾಯಿ ಪಟ್ಟಣವನ್ನು ದಾಟಿದೊಡನೆ ಪಸರಣಿ ಘಾಟಿ ಆರಂಭವಾಗುತ್ತದೆ. ಬಸ್ಸು ತಿರುವುಗಳನ್ನು ಏರಿದಂತೆ ಕಿಟಕಿಯಿಂದ ಬರುವ ಗಾಳಿ ತಂಪಾಗುತ್ತದೆ. ಪಂಚಗಣಿ ಬಂತೆಂದರೆ ಚಳಿಗಾಲದುದ್ದಕ್ಕೂ ರಸ್ತೆ ಬದಿಯಲ್ಲಿ ಸ್ಟ್ರಾಬೆರಿ ಬುಟ್ಟಿಗಳ ಸಾಲು. ಮುಂದೆ ಸುಮಾರು 1,370 ಮೀಟರ್ ಎತ್ತರದಲ್ಲಿದೆ ಮಹಾಬಲೇಶ್ವರ. ಇಲ್ಲಿನ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು.

ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆಂದು ಪಾಠದಲ್ಲಿ ಓದಿದ ಮಕ್ಕಳಿಗೆ ಈ ಘಾಟಿಯೇ ಪ್ರಯೋಗಶಾಲೆ. ಇಲ್ಲಿ ಬೆಳೆಯುವ ಸ್ಟ್ರಾಬೆರಿ ತಳಿಗಳು ಮೊಗ್ಗು ಬಿಡಲು ತಂಪು ರಾತ್ರಿ, ಕಿರಿದಾದ ಹಗಲು ಬೇಕು. ಬಿಸಿಲೇರಿದರೆ ಗಿಡ ಹೂವನ್ನು ಮರೆತು ಬಳ್ಳಿ ಚಾಚತೊಡಗುತ್ತದೆ. ಅದರ ಬೇರು ಮೇಲ್ಮಣ್ಣಿನಲ್ಲೇ ಇರುವುದರಿಂದ ನೀರು ನಿಂತರೆ ಕೊಳೆಯುತ್ತದೆ. ಮಹಾಬಲೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ! ಆದ್ದರಿಂದ ರೈತರು ಮಳೆ ಹಿಂದೆಗೆಯುವ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಏರುಮಡಿ ಮಾಡಿ ಸಸಿ ನೆಡುತ್ತಾರೆ.

ಹಣ್ಣಿನ ಜೊತೆಗೆ ಕುಂಡದ ಗಿಡವನ್ನೂ ಊರಿಗೆ ಒಯ್ಯುವ ಪ್ರವಾಸಿಗಳಿದ್ದಾರೆ. ಇಲ್ಲಿ ಹುಟ್ಟುವ ಕೃಷ್ಣೆ ರಾಯಚೂರಿನವರೆಗೂ ಬರುತ್ತಾಳೆ. ಆದರೆ ಇಲ್ಲಿನ ತಂಪು ಅವಳ ಜೊತೆ ಬರುವುದಿಲ್ಲ. ಏಪ್ರಿಲ್ ಬಿಸಿಲಿಗೆ ಗಿಡ ಬಾಡಿದಾಗ ಮಗು ತನ್ನ ಆರೈಕೆಯಲ್ಲೇ ಕೊರತೆಯಿತ್ತೆಂದು ನೊಂದುಕೊಳ್ಳುತ್ತದೆ. ಮತ್ತೊಂದು ಗಿಡ ನೆಡುವ ಉತ್ಸಾಹವೇ ಉಳಿಯುವುದಿಲ್ಲ. ಪಾಲಕರು ಯೋಚಿಸಬೇಕಾದದ್ದು ಇದನ್ನೇ.

ಹಾಗಾದರೆ ಬಯಲುಸೀಮೆಯವರು ಏನು ನೆಡಬೇಕು? ಉತ್ತರವೂ ಇದೇ ಬೆಟ್ಟದಲ್ಲಿದೆ. ಬೇಸಿಗೆಯಲ್ಲಿ ಇಲ್ಲಿ ಮಾರಲು ಬರುವ ಕಪ್ಪು ‘ಕರವಂದ’ ಬೇರಾವುದೂ ಅಲ್ಲ, ನಮ್ಮ ಕವಳೆ ಹಣ್ಣು. ಬಿಸಿಲು, ಬಡ ಮಣ್ಣು ಎರಡನ್ನೂ ಅದು ತಾಳಿಕೊಳ್ಳುತ್ತದೆ. ಮುಳ್ಳಿನ ಗಿಡವಾದ್ದರಿಂದ ಬೇಲಿಗೂ ಆಯಿತು. ಹುಳಿ ಇಷ್ಟಪಡುವವರಿಗೆ ಕಾಯಿಯ ಉಪ್ಪಿನಕಾಯಿಯೂ ಆಯಿತು. ಸಿಹಿ ಬೇಕೆನ್ನುವವರು ಹಿಪ್ಪುನೇರಳೆಯ ಕಡ್ಡಿ ನೆಡಬಹುದು. ಕೋಲಾರ, ರಾಮನಗರದ ರೇಷ್ಮೆ ಸೀಮೆಯಲ್ಲಿ ಕಡ್ಡಿಗೇನೂ ಬರವಿಲ್ಲ. ಕಲಬುರಗಿಯಂಥ ಉರಿಬಿಸಿಲಿಗೆ ಷರಬತ್ತಿನ ಫಾಲ್ಸಾ ಒಳ್ಳೆಯದು. ಮಡಿಕೇರಿ, ಚಿಕ್ಕಮಗಳೂರಿನ ತಂಪಿನಲ್ಲಿರುವವರು ಮಳೆ ಕಳೆದ ಮೇಲೆ ಕುಂಡದಲ್ಲಿ ಸ್ಟ್ರಾಬೆರಿಯನ್ನೇ ಪ್ರಯತ್ನಿಸಲಿ.

ವಿದ್ಯಾರ್ಥಿಗಳಿಗೆ ಇನ್ನೊಂದು ಸೋಜಿಗ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಸ್ಟ್ರಾಬೆರಿ ‘ಬೆರಿ’ಯೇ ಅಲ್ಲ! ನಾವು ತಿನ್ನುವುದು ಊದಿಕೊಂಡ ಹೂಪೀಠವನ್ನು. ಮೇಲೆ ಅಂಟಿದ ಬೀಜದಂಥ ಚುಕ್ಕೆಗಳೇ ನಿಜವಾದ ಹಣ್ಣುಗಳು. ಹಿಪ್ಪುನೇರಳೆ ಹಲವು ಹೂಗಳು ಕೂಡಿ ಆದ ಸಂಯುಕ್ತ ಫಲ. ಕವಳೆ, ಟೊಮೆಟೊ, ಬದನೆ ಇವೇ ನಿಜವಾದ ಬೆರಿಗಳು.

ಗಿಡ ಕೊಳ್ಳುವ ಮೊದಲು ಮಕ್ಕಳು ಒಂದು ಕೆಲಸ ಮಾಡಲಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ತಮ್ಮೂರಿನ ಗರಿಷ್ಠ ಉಷ್ಣತೆಯನ್ನು ಪತ್ರಿಕೆ ನೋಡಿ ದಿನವೂ ಬರೆದಿಡಲಿ. ಜೂನಿನಲ್ಲಿ ಹಿತ್ತಿಲಲ್ಲಿ ನೀರು ಎಲ್ಲಿ ನಿಲ್ಲುತ್ತದೆಂದು ಗುರುತಿಸಲಿ. ಆ ಪುಟವನ್ನು ಕೈಯಲ್ಲಿ ಹಿಡಿದು ಸಸ್ಯಕ್ಷೇತ್ರಕ್ಕೆ ಹೋದರೆ, ತಂದ ಗಿಡ ಮುಂದಿನ ಬೇಸಿಗೆಯನ್ನೂ ಕಾಣುತ್ತದೆ.