ಗಂಗೆಯ ಕೆಳಗಿನ ದಾರಿ

ಹೌರಾ ಸೇತುವೆಯ ಮೇಲೆ ನಡೆದೇ ಕೋಲ್ಕತ್ತ ನಗರವನ್ನು ಪ್ರವೇಶಿಸಬೇಕೆಂಬುದು ನಮ್ಮ ಬಹುದಿನದ ಆಸೆಯಾಗಿತ್ತು. ಆದರೆ ಹೌರಾದಲ್ಲಿ ಇಳಿದೊಡನೆ ಸಹಪ್ರಯಾಣಿಕರೊಬ್ಬರು, "ನದಿಯ ಕೆಳಗಿನಿಂದಲೇ ಹೋಗಿ ನೋಡಿ" ಎಂದರು. ಅವರ ಮಾತಿನಂತೆ ಸುಮಾರು 30 ಮೀಟರ್ ಆಳದ ಮೆಟ್ರೋ ನಿಲ್ದಾಣಕ್ಕೆ ಇಳಿದು ಸಿಯಾಲ್ದಾಕ್ಕೆ ಚೀಟಿ ಪಡೆದೆವು.

ಇಲ್ಲಿ ಹೂಗ್ಲಿ ಎನಿಸಿಕೊಳ್ಳುವವಳು ನಮ್ಮ ಗಂಗೆಯೇ. ಅವಳ ಪಾತ್ರದ ಕೆಳಗೆ 520 ಮೀಟರ್ ಉದ್ದದ ಜೋಡಿ ಸುರಂಗಗಳನ್ನು 2017ರಲ್ಲಿ ಕೊರೆದು ಮುಗಿಸಿದರು. 2024ರ ಮಾರ್ಚ್ 15ರಿಂದ ಜನಸಂಚಾರ ಆರಂಭವಾಯಿತು. ಭಾರತದಲ್ಲಿ ನದಿಯಡಿ ರೈಲು ಓಡಿದ್ದು ಇದೇ ಮೊದಲು. ಸುರಂಗದ ಗೋಡೆಯಲ್ಲಿ ನೀಲಿ ದೀಪಗಳು ಮಿನುಗಿದವು. ಮುಕ್ಕಾಲು ನಿಮಿಷದಲ್ಲಿ ನದಿ ದಾಟಿತ್ತು. "ಶಿವನ ತಲೆಯ ಮೇಲೆ ಗಂಗೆ ಎಂದು ಕೇಳಿದ್ದೆ, ಇಂದು ನಮ್ಮ ತಲೆಯ ಮೇಲೂ ಹರಿದಳು" ಎಂದು ನಮ್ಮ ಮಾತೃಶ್ರೀಯವರು ಕೈಮುಗಿದರು.

ಮುಂದೆ ಎಸ್‌ಪ್ಲನೇಡ್ ಬಂದಿತು. ದೇಶದ ಮೊದಲ ಭೂಗತ ಮೆಟ್ರೋ 1984ರ ಅಕ್ಟೋಬರ್ 24ರಂದು ಓಡಿದ್ದು ಇಲ್ಲಿಂದ ಭವಾನೀಪುರಕ್ಕೆ. ಆ ಮಾರ್ಗಕ್ಕಾಗಿ ರಸ್ತೆಯನ್ನೇ ಅಗೆದು, ಕೆಳಗೆ ಕಟ್ಟಿ, ಮತ್ತೆ ಮುಚ್ಚಿದರು. ನಗರವು ವರ್ಷಗಟ್ಟಲೆ ಹೊಂಡಗಳ ನಡುವೆ ಬಾಳಿತು. ಹೊಸ ಮಾರ್ಗದ ಸುರಂಗಕ್ಕೆ ಬಂದದ್ದು, ಮಣ್ಣನ್ನು ಕೊರೆಯುತ್ತ ಹಿಂದೆಯೇ ಕಾಂಕ್ರೀಟಿನ ಬಳೆಗಳನ್ನು ಜೋಡಿಸುತ್ತ ಸಾಗುವ ಯಂತ್ರ. ಮೇಲಿದ್ದವರಿಗೆ ತೊಂದರೆ ಕಡಿಮೆ ಎಂಬುದೇ ಅದರ ಹೆಗ್ಗಳಿಕೆ.

ಆದರೆ ನದಿಯನ್ನು ಸುಸೂತ್ರವಾಗಿ ದಾಟಿದ ಕಾಮಗಾರಿ ಬೌಬಜಾರಿನ ಓಣಿಗಳ ಕೆಳಗೆ ಎಡವಿತು. 2019ರ ಆಗಸ್ಟ್ 31ರಂದು ಯಂತ್ರವು ಅಂತರ್ಜಲದ ಪದರಕ್ಕೆ ತಾಗಿತು. ನೀರಿನೊಡನೆ ಮಣ್ಣೂ ಸುರಂಗದೊಳಕ್ಕೆ ನುಗ್ಗಿತು. ಮೇಲಿನ ಹಳೆಯ ಮನೆಗಳು ಬಿರುಕುಬಿಟ್ಟವು, ಕೆಲವು ಕುಸಿದವು. ನೂರಾರು ಜನರು ಮನೆಗಳನ್ನು ತೊರೆಯಬೇಕಾಯಿತು. 2022ರಲ್ಲಿಯೂ ನೀರು ಜಿನುಗಿ ಮತ್ತಷ್ಟು ಮನೆಗಳು ಬಿರುಕುಬಿಟ್ಟವು. ಸಿಕ್ಕಿಬಿದ್ದ ಯಂತ್ರ ಬಿಟ್ಟ ಕೆಲಸವನ್ನು ಜೊತೆಯ ಯಂತ್ರವೇ ಸಿಯಾಲ್ದಾದಿಂದ ಹಿಂದಿರುಗಿ ಕೊರೆದು ಪೂರೈಸಿತು. ಕೊನೆಗೆ ಈ ಭಾಗವು 2025ರ ಆಗಸ್ಟ್ 22ರಂದು ತೆರೆಯಿತು.

ಇದನ್ನೆಲ್ಲ ತಿಳಿದಿದ್ದ ನಾವು ಸಿಯಾಲ್ದಾದಲ್ಲಿ ಮೇಲೇರಿ, ಬೌಬಜಾರಿಗೆ ಕಾಲ್ನಡಿಗೆಯಲ್ಲಿ ಮರಳಿದೆವು. ಚಿನ್ನದಂಗಡಿಗಳ ಸಾಲಿನಲ್ಲಿ ನಿಂತು ನಡೆದುದನ್ನು ಹೇಳಿದಾಗ ಮಾತೃಶ್ರೀಯವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, "ತೊಟ್ಟಿಲು ಕಟ್ಟಿದ ಮನೆ, ಮದುವೆಯ ಹಂದರ ಹಾಕಿದ ಅಂಗಳ. ಬಿಟ್ಟುಬರುವುದು ಸುಲಭವೇ? ಗಂಗೆಗೆ ಕೈಮುಗಿದೆ, ಇವರಿಗೆ ಮುಗಿಯಲಿಲ್ಲ" ಎಂದು ಆ ಓಣಿಗಳತ್ತ ಕೈಜೋಡಿಸಿದರು.

ಕೋಲ್ಕತ್ತಕ್ಕೆ ಹೋಗುವ ಓದುಗರು ಮಕ್ಕಳಿಗೆ ಆ ನೀಲಿ ದೀಪಗಳನ್ನು ಅವಶ್ಯ ತೋರಿಸಲಿ. ಎಸ್‌ಪ್ಲನೇಡ್ ದಾಟಿದ ಮೇಲೆ, ಈ ದಾರಿಗಾಗಿ ಮನೆ ಕಳೆದುಕೊಂಡವರ ಮಾತನ್ನೂ ಹೇಳಲಿ.